ಸ್ವಂತ ಕಾಫಿ ಪುಡಿ ಮಾರುವ ಬೆಳೆಗಾರರು ಇಮೇಲ್ ಸುದ್ದಿಪತ್ರ ನಡೆಸುವ ಕ್ರಮ

ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಮತ್ತು ಚೆರಿಯನ್ನು (ಹಣ್ಣಾಗಿಯೇ ಒಣಗಿಸಿದ ಕಾಫಿ) ವ್ಯಾಪಾರಿಗೆ ತೂಗಿ ಕೊಟ್ಟು ಸುಮ್ಮನಾಗದೆ, ಬೆಳೆಯ ಒಂದು ಪಾಲನ್ನಾದರೂ ತಾವೇ ಹುರಿಸಿ, ಪುಡಿ ಮಾಡಿಸಿ, ತೋಟದ ಹೆಸರಿನ ಪ್ಯಾಕೆಟ್ಟಿನಲ್ಲಿ ಆನ್‌ಲೈನ್ ಮಾರುವ ಬೆಳೆಗಾರರು ಈಗ ಸಾಕಷ್ಟಿದ್ದಾರೆ. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಗುವ ತನಕ ಬೆಳೆ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು. ತನ್ನ ತೋಟದ ಕಾಫಿಯನ್ನು ಯಾರು ಕುಡಿಯುತ್ತಾರೆ ಎಂಬುದು ಬೆಳೆಗಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಈಗ ಆ ದಾರಿ ತೆರೆದಿದ್ದರೂ ಅದನ್ನು ಪೂರ್ತಿ ಬಳಸಿಕೊಂಡವರು ಕಡಿಮೆ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರಿದರೆ ಕೊಂಡವರ ಸಂಪರ್ಕ ಆ ತಾಣದ ಕೈಯಲ್ಲೇ ಉಳಿಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಚಿತ್ರವನ್ನು ಎಷ್ಟು ಜನರಿಗೆ ತೋರಿಸಬೇಕೆಂದು ನಿರ್ಧರಿಸುವುದು ಆ ಕಂಪನಿಯೇ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ. ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ.

ಇಮೇಲ್ ವಿಳಾಸಗಳ ಪಟ್ಟಿ ಹಾಗಲ್ಲ. ಅದನ್ನು ಒಂದು ಕಡತವಾಗಿ ಇಳಿಸಿಕೊಂಡು ಇಂದು ಒಂದು ಸೇವೆಯಿಂದ, ನಾಳೆ ಇನ್ನೊಂದು ಸೇವೆಯಿಂದ ಪತ್ರ ಕಳಿಸಬಹುದು. ಮನಸ್ಸಿಟ್ಟು ಬರೆದ ಪತ್ರವನ್ನು ಓದಲು ಒಪ್ಪಿದ ಐನೂರು ಜನರ ಪಟ್ಟಿ, ಹೆಸರೂ ತಿಳಿಯದ ಹತ್ತು ಸಾವಿರ ಹಿಂಬಾಲಕರಿಗಿಂತ ಬೆಲೆಯುಳ್ಳದ್ದು ಎಂಬುದು ನನ್ನ ದೃಢವಾದ ನಂಬಿಕೆ. ಆ ಐನೂರು ಜನ ತಾವಾಗಿ ಒಪ್ಪಿ ಬಂದಿರಬೇಕು, ಪತ್ರದಲ್ಲಿ ಹೇಳುವಂಥದ್ದು ಏನಾದರೂ ಇರಬೇಕು. ಮುಂದೆ ಹೇಳುವ ತಾಂತ್ರಿಕ ಕ್ರಮಗಳೆಲ್ಲ ಈ ಎರಡು ಮಾತಿಗೆ ಅಧೀನ.

ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಜನ ಇಮೇಲ್ ಓದುತ್ತಾರೆಯೇ? ಊರಿನಲ್ಲಿ ಬಹಳ ಮಂದಿಗೆ ಇಮೇಲ್ ಎಂದರೆ ಬ್ಯಾಂಕಿನ ಸೂಚನೆ ಬರುವ ಜಾಗ ಮಾತ್ರ, ನಿಜ. ಆದರೆ ಕೊರಿಯರ್‌ನಲ್ಲಿ ಕಾಫಿ ತರಿಸುವವರು ಯಾರೆಂದು ನೋಡಿದರೆ ಚಿತ್ರ ಬದಲಾಗುತ್ತದೆ. ಬೆಂಗಳೂರಿನ ಕಚೇರಿ ನೌಕರರು, ಪುಣೆ, ಮುಂಬಯಿ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರು, ಅಮೆರಿಕ, ಸಿಂಗಪುರ, ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುತ್ತ ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಅಪ್ಪ ಅಮ್ಮನ ಮನೆಗೆ ತಿಂಗಳು ತಿಂಗಳು ಕಾಫಿ ತಲುಪಿಸಲು ಬಯಸುವ ಮಕ್ಕಳು, ಇವರೆಲ್ಲ ದಿನವೂ ಇಮೇಲ್ ತೆರೆಯುವವರೇ. ಹಾಗೆಂದು ವಾಟ್ಸ್‌ಆ್ಯಪ್ ಬಿಡಬೇಕಿಲ್ಲ. ಪಾರ್ಸೆಲ್ ಎಲ್ಲಿದೆ, ಪ್ಯಾಕೆಟ್ ಒಡೆದು ಬಂದಿದೆ ಎಂಬಂಥ ತುರ್ತು ಮಾತುಕತೆ ಅಲ್ಲಿಯೇ ನಡೆಯಲಿ; ನಿಧಾನವಾಗಿ ಓದುವ ಮಾತು ಇಮೇಲ್‌ನಲ್ಲಿ ಹೋಗಲಿ.

ಸ್ವಂತ ಡೊಮೇನ್ ಮತ್ತು ಕಳಿಸುವ ಸೇವೆ

ಜಿಮೇಲ್‌ನ ನಿಮ್ಮ ಖಾಸಗಿ ವಿಳಾಸದಿಂದ ನೂರಾರು ಜನರನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ) ಸೇರಿಸಿ ಕಳಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಓದುಗರಿಗೆ ಪತ್ರ ನಿಲ್ಲಿಸುವ ಕೊಂಡಿ ಅಲ್ಲಿರುವುದಿಲ್ಲ, ಯಾರಿಗೆ ತಲುಪಿತು ಎಂಬ ಲೆಕ್ಕ ಸಿಗುವುದಿಲ್ಲ, ಒಮ್ಮೆ ಬಿಸಿಸಿ ಬದಲು ಸಿಸಿಯಲ್ಲಿ ಹಾಕಿದರೆ ಎಲ್ಲರ ವಿಳಾಸವೂ ಎಲ್ಲರಿಗೂ ಬಯಲಾಗುತ್ತದೆ. ತೋಟದ ಅಥವಾ ಬ್ರ್ಯಾಂಡಿನ ಹೆಸರಿನಲ್ಲಿ ಒಂದು ಡೊಮೇನ್ (ಅಂತರ್ಜಾಲದಲ್ಲಿ ನಿಮ್ಮದೇ ಆದ ವಿಳಾಸದ ಹೆಸರು) ಪಡೆಯಿರಿ. ಡಾಟ್ ಇನ್ ಡೊಮೇನು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರ ಮೇಲೆ ಒಂದು ಇಮೇಲ್ ವಿಳಾಸ ತೆರೆದು, ಪತ್ರಗಳೆಲ್ಲ ಅಲ್ಲಿಂದಲೇ ಹೊರಡುವಂತೆ ಮಾಡಿ. ‘ಉತ್ತರಿಸಬೇಡಿ’ ಎಂಬ ಅರ್ಥದ ವಿಳಾಸ ಇಡಬೇಡಿ. ಓದುಗರ ಉತ್ತರವೇ ಈ ಕೆಲಸದ ದೊಡ್ಡ ಪ್ರತಿಫಲ.

ಪತ್ರ ಕಳಿಸಲು ಮೇಲ್‌ಚಿಂಪ್, ಬ್ರೆವೊ, ಮೇಲರ್‌ಲೈಟ್, ಜೊಹೊ ಕ್ಯಾಂಪೇನ್ಸ್ ಮುಂತಾದ ಸೇವೆಗಳಿವೆ. ಜೊಹೊ ನಮ್ಮ ದೇಶದ್ದೇ ಕಂಪನಿಯಾದ್ದರಿಂದ ಬಿಲ್ಲು ರೂಪಾಯಿಯಲ್ಲಿ ಬರುತ್ತದೆ, ಜಿಎಸ್‌ಟಿ ಲೆಕ್ಕಕ್ಕೂ ಅನುಕೂಲ. ಆರಂಭದಲ್ಲಿ ಯಾವುದಾದರೂ ಉಚಿತ ಯೋಜನೆಯೇ ಸಾಕು. ಆ ಯೋಜನೆಗಳ ಮಿತಿಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಸೇರುವ ದಿನ ಮೂರು ಸಂಗತಿ ಪರಿಶೀಲಿಸಿ: ಎಷ್ಟು ವಿಳಾಸಗಳಿಗೆ ಅವಕಾಶವಿದೆ, ಸ್ವಾಗತ ಪತ್ರ ತಾನಾಗಿಯೇ ಹೋಗುವ ವ್ಯವಸ್ಥೆ ಉಚಿತ ಯೋಜನೆಯಲ್ಲಿದೆಯೇ, ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದೇ. ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ಸೇವೆ ಎಷ್ಟೇ ಚೆನ್ನಾಗಿದ್ದರೂ ಬೇಡ.

ಬಹುಪಾಲು ಜನ ಹಿಂದೆ ಸರಿಯುವುದು ಡೊಮೇನಿನ ದೃಢೀಕರಣದ ಹಂತದಲ್ಲಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡೊಮೇನಿನ ಡಿಎನ್‌ಎಸ್ ಪುಟದಲ್ಲಿ, ಅಂದರೆ ಅದರ ತಾಂತ್ರಿಕ ವಿವರಗಳನ್ನು ದಾಖಲಿಸುವ ಪುಟದಲ್ಲಿ, ಸೇರಿಸಬೇಕಾಗುತ್ತದೆ. ಈ ಡೊಮೇನಿನ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂದು ಎಸ್‌ಪಿಎಫ್ ಹೇಳುತ್ತದೆ. ಪತ್ರ ದಾರಿಯಲ್ಲಿ ತಿದ್ದುಪಡಿಯಾಗಿಲ್ಲ ಎಂಬುದಕ್ಕೆ ಡಿಕಿಮ್ ಡಿಜಿಟಲ್ ಸಹಿಯಾಗಿ ನಿಲ್ಲುತ್ತದೆ. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಡಿಮಾರ್ಕ್ ಸೂಚಿಸುತ್ತದೆ. ಮೊದಲಿಗೆ ಅದನ್ನು ಏನನ್ನೂ ತಡೆಯದೆ ವರದಿ ಮಾತ್ರ ಕಳಿಸುವ ಹಂತದಲ್ಲಿಡಿ. ಇದರಲ್ಲಿ ಪ್ರೋಗ್ರಾಮಿಂಗ್ ಏನೂ ಇಲ್ಲ. ನೀವು ಸೇರಿದ ಸೇವೆಯೇ ಕೊಡುವ ಸಾಲುಗಳನ್ನು ಡೊಮೇನ್ ಕೊಂಡ ತಾಣದಲ್ಲಿ ಲಾಗಿನ್ ಆಗಿ ಯಥಾವತ್ತಾಗಿ ಅಂಟಿಸಿದರೆ ಆಯಿತು. ಅದು ಜಾರಿಗೆ ಬರಲು ಕೆಲವು ಗಂಟೆಗಳಿಂದ ಒಂದೆರಡು ದಿನ ಹಿಡಿಯಬಹುದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ದಾಖಲೆಗಳ ಜತೆಗೆ ಒಂದೇ ಒತ್ತಿಗೆ ಪತ್ರ ನಿಲ್ಲಿಸುವ ಸೌಲಭ್ಯವೂ ಕಡ್ಡಾಯ. ಸಣ್ಣವರಿಗೂ ದೃಢೀಕರಣದಿಂದ ವಿನಾಯಿತಿ ಇಲ್ಲವಾದ್ದರಿಂದ ಮೊದಲ ದಿನವೇ ಮೂರನ್ನೂ ಮಾಡಿ ಮುಗಿಸುವುದು ಲೇಸು.

ಸ್ಪ್ಯಾಮ್ ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದು ಎಂಬುದೂ ಜಿಮೇಲ್‌ನ ನಿಯಮ, ಶೇಕಡಾ 0.1ರ ಕೆಳಗಿದ್ದರೆ ಒಳ್ಳೆಯದು. 500 ಜನರ ಪಟ್ಟಿಯಲ್ಲಿ ಇಬ್ಬರು ‘ಸ್ಪ್ಯಾಮ್’ ಗುಂಡಿ ಒತ್ತಿದರೆ ಶೇಕಡಾ 0.4 ಆಯಿತು. ಅಂದರೆ ಕೇಳದವರಿಗೆ ಪತ್ರ ಕಳಿಸುವುದರ ದಂಡವನ್ನು ಕೇಳಿ ಸೇರಿದ ಉಳಿದವರೆಲ್ಲರ ಪತ್ರಗಳು ತೆರಬೇಕಾಗುತ್ತದೆ.

ಪಟ್ಟಿಗೆ ಜನರನ್ನು ಸೇರಿಸುವುದು

ಆ ಕಾರಣಕ್ಕಾಗಿಯೇ, ಯಾರೋ ಮಾರುವ ‘ಒಂದು ಲಕ್ಷ ಇಮೇಲ್‌ಗಳು’ ಎಂಬಂಥ ಪಟ್ಟಿಯನ್ನು ಎಂದಿಗೂ ಕೊಳ್ಳಬೇಡಿ. ಹಿಂದೆ ಕಾಫಿ ಕೊಂಡವರ ಬಿಲ್ಲಿನಲ್ಲಿದ್ದ ವಿಳಾಸವನ್ನೂ ಹೇಳದೆ ಕೇಳದೆ ಸೇರಿಸಬೇಡಿ; ಅವರು ವಿಳಾಸ ಕೊಟ್ಟದ್ದು ಪಾರ್ಸೆಲ್ಲಿನ ಸುದ್ದಿಗೆ, ಸುದ್ದಿಪತ್ರಕ್ಕಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಇದನ್ನೇ ಹೇಳುತ್ತದೆ: ಒಪ್ಪಿಗೆ ಮುಕ್ತವಾಗಿರಬೇಕು, ಯಾವ ಉದ್ದೇಶಕ್ಕೆಂದು ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಕನ್ನಡದಂಥ ಭಾಷೆಯಲ್ಲಿ ಓದುವ ಅವಕಾಶ ಇರಬೇಕೆಂದೂ ಅದರಲ್ಲಿದೆ. ಕನ್ನಡಿಗರಿಗೆ ಕಾಫಿ ಮಾರುವವರು ಈ ಸೂಚನೆಯನ್ನು ಕನ್ನಡದಲ್ಲೇ ಬರೆಯುವುದು ನ್ಯಾಯ.

ಜನರನ್ನು ಸೇರಿಸಿಕೊಳ್ಳಲು ನಿಮ್ಮ ಬಳಿ ಇರುವ ಅತ್ಯುತ್ತಮ ಜಾಗ ಕಾಫಿ ಪ್ಯಾಕೆಟ್ಟೇ. ಪಾರ್ಸೆಲ್ಲಿನೊಳಗೆ ಒಂದು ಸಣ್ಣ ಕಾರ್ಡ್ ಇಡಿ, ಒಂದು ಬದಿಯಲ್ಲಿ ಆ ಕಾಫಿಯ ತೋಟ, ತಳಿ, ಹುರಿದ ದಿನಾಂಕ, ಇನ್ನೊಂದು ಬದಿಯಲ್ಲಿ ಕ್ಯೂಆರ್ ಕೋಡ್ ಮತ್ತು ಇಂಥ ಎರಡು ಮೂರು ಸಾಲು: “ಪ್ರತಿ ತಿಂಗಳ ಎರಡನೇ ಶನಿವಾರ ತೋಟದಿಂದ ಒಂದು ಪತ್ರ ಕಳಿಸುತ್ತೇವೆ. ಹೊಸದಾಗಿ ಹುರಿದ ಕಾಫಿ ಯಾವುದು, ಬೆಲೆ ಎಷ್ಟು, ತೋಟದಲ್ಲಿ ಈ ತಿಂಗಳು ಏನು ಕೆಲಸ ನಡೆದಿದೆ ಎಂಬುದು ಅದರಲ್ಲಿರುತ್ತದೆ. ಬೇಡವೆನಿಸಿದ ದಿನ ಪತ್ರದ ಕೊನೆಯ ಕೊಂಡಿ ಒತ್ತಿ ನಿಲ್ಲಿಸಬಹುದು.” ಕಾಫಿಯ ಪರಿಮಳ ಮೂಗಿಗೆ ಬಡಿದ ಹೊತ್ತಿನಲ್ಲೇ ಈ ಕಾರ್ಡು ಕೈಗೆ ಸಿಗುತ್ತದೆ ಎಂಬುದು ಇದರ ಬಲ. ತಾಣದ ಮುಖಪುಟದಲ್ಲೂ ಇದೇ ಮಾತಿನ ಒಂದು ಅರ್ಜಿ ಇರಲಿ. ಪುಟ ತೆರೆದ ಕೂಡಲೇ ಇಡೀ ಪರದೆ ಮುಚ್ಚುವ ಪೆಟ್ಟಿಗೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಫಿ ನೋಡಲು ಬಂದವರನ್ನು ಬಾಗಿಲಲ್ಲೇ ತಡೆದಂತಾಗುತ್ತದೆ.

ಕೃಷಿ ಮೇಳ, ಸಂತೆ, ಅಪಾರ್ಟ್‌ಮೆಂಟಿನ ಪ್ರದರ್ಶನಗಳಲ್ಲಿ ಮಳಿಗೆ ಹಾಕಿದಾಗ ಪುಸ್ತಕದಲ್ಲಿ ಇಮೇಲ್ ಬರೆಸಿಕೊಂಡರೆ ಮನೆಗೆ ಬಂದು ಓದುವಾಗ ಅಕ್ಷರ ತಿಳಿಯದೆ ಅರ್ಧ ವಿಳಾಸ ವ್ಯರ್ಥವಾಗುತ್ತದೆ. ಬದಲಾಗಿ ಒಂದು ಫೋನಿನಲ್ಲಿ ಅರ್ಜಿ ತೆರೆದಿಟ್ಟು, ಅವರಿಂದಲೇ ಟೈಪ್ ಮಾಡಿಸಿ. ಅರ್ಜಿಯಲ್ಲಿ ಹೆಸರು, ಇಮೇಲ್, ಜತೆಗೆ ಒಂದೇ ಒಂದು ಪ್ರಶ್ನೆ ಸಾಕು: ನೀವು ಕುಡಿಯುವುದು ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯೇ, ಶುದ್ಧ ಕಾಫಿ ಪುಡಿಯೇ ಅಥವಾ ಹುರಿದ ಬೀಜವೇ? ಈ ಉತ್ತರ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಹುಟ್ಟಿದ ದಿನ, ಮನೆ ವಿಳಾಸ, ಫೋನ್ ನಂಬರ್ ಕೇಳಬೇಡಿ. ಅರ್ಜಿ ತುಂಬಿದವರಿಗೆ ‘ಇದು ನಿಮ್ಮದೇ ವಿಳಾಸವೇ’ ಎಂದು ಖಚಿತಪಡಿಸುವ ಒಂದು ಪತ್ರ ಹೋಗಿ, ಅದರಲ್ಲಿನ ಕೊಂಡಿ ಒತ್ತಿದ ಮೇಲಷ್ಟೇ ಪಟ್ಟಿಗೆ ಸೇರುವ ವ್ಯವಸ್ಥೆ ಎಲ್ಲ ಸೇವೆಗಳಲ್ಲೂ ಇದೆ. ಅದನ್ನು ಚಾಲೂ ಮಾಡಿ. ಕೆಲವರು ಕೊಂಡಿ ಒತ್ತದೆ ಬಿಟ್ಟುಹೋಗುತ್ತಾರೆ, ಹೋಗಲಿ. ಉಳಿದವರು ನಿಜವಾಗಿ ಬೇಕೆಂದು ಬಂದವರು.

ಸ್ವಾಗತ ಪತ್ರ

ಸೇರಿದ ಕ್ಷಣದಲ್ಲೇ ಹೋಗುವ ಸ್ವಾಗತ ಪತ್ರವನ್ನು ಬೇರೆಲ್ಲ ಪತ್ರಗಳಿಗಿಂತ ಹೆಚ್ಚು ಕಾಳಜಿಯಿಂದ ಬರೆಯಿರಿ, ಏಕೆಂದರೆ ಓದುಗ ಅದಕ್ಕಾಗಿ ಕಾದಿರುತ್ತಾನೆ. ತೋಟ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಅರೇಬಿಕಾವೋ ರೋಬಸ್ಟಾವೋ, ತಳಿ ಎಸ್.795 ಆಗಿದ್ದರೆ ಅದು, ಚಂದ್ರಗಿರಿಯಾಗಿದ್ದರೆ ಅದು, ತೋಟ ನೋಡಿಕೊಳ್ಳುವವರು ಯಾರು, ಇವನ್ನು ಎರಡು ಪ್ಯಾರಾದಲ್ಲಿ ಹೇಳಿ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಆದರೆ ಆ ಗುರುತನ್ನು ಬಳಸಲು ನೋಂದಾಯಿತ ಬಳಕೆದಾರರಾಗಿರಬೇಕು ಎಂಬುದನ್ನು ನೆನಪಿಟ್ಟು ಬರೆಯಿರಿ. ಪತ್ರದ ಕೊನೆಗೆ ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ ಹಾಕಿ: “ನಿಮ್ಮ ಮನೆಯಲ್ಲಿ ಫಿಲ್ಟರ್ ಹಿತ್ತಾಳೆಯದೋ ಸ್ಟೀಲಿನದೋ?” ಎಂದು ಕೇಳಿದರೆ ಜನ ಬರೆಯುತ್ತಾರೆ. ಹಾಗೆ ಉತ್ತರಿಸಿದವರ ಇನ್‌ಬಾಕ್ಸಿನಲ್ಲಿ ನಿಮ್ಮ ಮುಂದಿನ ಪತ್ರಗಳು ಪ್ರಚಾರದ ವಿಭಾಗಕ್ಕೆ ಸರಿಯುವ ಸಂಭವವೂ ಕಡಿಮೆಯಾಗುತ್ತದೆ.

ತಿಂಗಳು ತಿಂಗಳು ಏನು ಬರೆಯುವುದು

ಸುದ್ದಿಪತ್ರ ಶುರುಮಾಡಿ ಮೂರು ತಿಂಗಳಿಗೆ ಬರೆಯಲು ಏನೂ ಇಲ್ಲವೆಂದು ಕೈಬಿಡುವವರು ಬಹಳ. ಕಾಫಿ ಬೆಳೆಗಾರರಿಗೆ ಈ ತೊಂದರೆ ಬರಬಾರದು, ಏಕೆಂದರೆ ತೋಟದ ವರ್ಷವೇ ಬರಹದ ವಿಷಯಸೂಚಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೂಮಳೆಯ ಕಾತರ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಗಾಳಿ ಬೇಕು, ಜೇನು ಬೇಕು. ಹೂ ಬಿಟ್ಟ ವಾರದಲ್ಲಿ ತೋಟದವರು ಏಕೆ ಔಷಧಿ ಹೊಡೆಯುವುದಿಲ್ಲ ಎಂಬುದನ್ನು ವಿವರಿಸಲು ಇದೇ ಸಮಯ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತದೆ. ನೆರಳಿನ ಮರಗಳನ್ನು ಏಕೆ ಉಳಿಸಿಕೊಂಡಿದ್ದೇವೆ, ಅವುಗಳಲ್ಲಿ ಯಾವ ಮರಗಳಿವೆ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಈ ಸಲ ಹೇಗಿದೆ ಎಂಬುದೆಲ್ಲ ಪೇಟೆಯ ಓದುಗನಿಗೆ ಹೊಸತು. ಜುಲೈ ಆಗಸ್ಟ್‌ನಲ್ಲಿ ಮಳೆ, ಕಾಯಿ ಉದುರುವಿಕೆ, ಕೊಳೆರೋಗದ ಆತಂಕ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಹೊಸ ವರ್ಷದ ಹೊತ್ತಿಗೆ ರೋಬಸ್ಟಾ. ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿದ ಹಣ್ಣಿನ ಬೀಜ ಕಣದಲ್ಲಿ ಒಣಗಿ ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯುವ ತನಕ ಆಕಾಶದಲ್ಲಿ ಮೋಡ ಕಂಡರೂ ನಿದ್ದೆ ಬಾರದ ದಿನಗಳನ್ನು ನೀವು ಬಲ್ಲಿರಿ, ಓದುಗ ಅರಿಯ.

ಬರೆಯುವ ಧಾಟಿಗೆ ಒಂದು ಮಾದರಿ ಕೊಡುತ್ತೇನೆ. ಮಾರ್ಚ್ ತಿಂಗಳ ಪತ್ರದ ಆರಂಭ ಹೀಗಿರಬಹುದು: “ಗುರುವಾರ ರಾತ್ರಿ 1 ಇಂಚು 20 ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಹೂಮಳೆ ಬಿತ್ತು. ರೋಬಸ್ಟಾ ಮೊಗ್ಗುಗಳು ಇದಕ್ಕೇ ಕಾದು ನಿಂತಿದ್ದವು. ಮುಂದಿನ ಶನಿವಾರದ ಹೊತ್ತಿಗೆ ಹೊಳೆ ಪಕ್ಕದ ಬ್ಲಾಕ್ ಪೂರ್ತಿ ಅರಳುತ್ತದೆ. ಹೂ ಕಚ್ಚಿ ಕಾಯಾಗಲು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಅದು ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಖರ್ಚು ಏರುತ್ತದೆ. ಈ ಹೂವಿನ ಕಾಫಿ ನಿಮ್ಮ ಮನೆಗೆ ಬರುವುದು ಮುಂದಿನ ವರ್ಷದ ಏಪ್ರಿಲ್ ಸುಮಾರಿಗೆ. ಸದ್ಯ ನಾವು ಹುರಿಯುತ್ತಿರುವುದು ಕಳೆದ ಡಿಸೆಂಬರ್‌ನಲ್ಲಿ ಕೊಯ್ದ ಅರೇಬಿಕಾ. ಅದರ ಮುಂದಿನ ಹುರಿತ ಇದೇ 18ಕ್ಕೆ.” ಇದರಲ್ಲಿ ವಿಶೇಷಣಗಳಿಲ್ಲ, ‘ಪ್ರೀಮಿಯಂ’ ಎಂಬ ಮಾತಿಲ್ಲ. ಮಳೆಯ ಅಳತೆಯಿದೆ, ಖರ್ಚಿನ ಕಾರಣವಿದೆ, ಕೊನೆಗೆ ಕೊಳ್ಳುವ ವಿಷಯ ತಾನಾಗಿ ಬಂದಿದೆ. ಮಾರುವ ಮಾತು ಸುದ್ದಿಯ ಬೆನ್ನಿಗೇ ಹೀಗೆ ಬರಬೇಕು.

ಬೆಲೆ ಏರಿಸಬೇಕಾಗಿ ಬಂದ ತಿಂಗಳು ಪತ್ರದ ಬೆಲೆ ನಿಜಕ್ಕೂ ತಿಳಿಯುತ್ತದೆ. ಸುಮಾರು 6 ಕಿಲೋ ಅರೇಬಿಕಾ ಹಣ್ಣಿನಿಂದ ಸಿಗುವುದು 1 ಕಿಲೋದಷ್ಟು ಹಸಿ ಬೀಜ. ಹುರಿದಾಗ ಅದರಲ್ಲೂ ಶೇಕಡಾ 15ರಿಂದ 20ರಷ್ಟು ತೂಕ ಹೋಗುತ್ತದೆ. ಈ ಲೆಕ್ಕವನ್ನು ಕೊಯ್ಲಿನ ಕೂಲಿ, ಕ್ಯೂರಿಂಗ್ (ಒಣಗಿದ ಬೀಜದ ಹೊಟ್ಟು ತೆಗೆದು ದರ್ಜೆ ಮಾಡುವುದು), ಕೊರಿಯರ್ ಖರ್ಚಿನ ಜತೆಗೆ ಮುಚ್ಚುಮರೆಯಿಲ್ಲದೆ ಬರೆದರೆ ಓದುಗರು ಒಪ್ಪುತ್ತಾರೆ. ಚಿಕೋರಿಯ ಬಗ್ಗೆಯೂ ಅಷ್ಟೇ ನೇರವಾಗಿರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದೆಂದೂ ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ನಮೂದಿಸಬೇಕೆಂದೂ ಆಹಾರ ನಿಯಮವಿದೆ. ನಿಮ್ಮ ಮಿಶ್ರಣ ಎಷ್ಟರದು, ಹಾಗೇಕೆ ಎಂದು ಒಂದು ಪತ್ರವನ್ನೇ ಬರೆಯಬಹುದು. ಕಷಾಯ ಇಳಿಸುವ ಕ್ರಮ, ಪುಡಿಯನ್ನು ಇಡುವ ಡಬ್ಬಿ ಇಂಥವು ಮಧ್ಯೆ ಮಧ್ಯೆ ಬರಲಿ.

ಕನ್ನಡದಲ್ಲಿ ಕಳಿಸುವಾಗ

ಕನ್ನಡದಲ್ಲೇ ಬರೆಯಿರಿ ಎಂದು ನನ್ನ ಆಗ್ರಹ. ಓದುಗರ ಇನ್‌ಬಾಕ್ಸಿನಲ್ಲಿ ಸಾಲುಗಟ್ಟಿ ನಿಂತ ಇಂಗ್ಲಿಷ್ ಪತ್ರಗಳ ನಡುವೆ ಕನ್ನಡದ ಒಂದು ಸಬ್ಜೆಕ್ಟ್ ಸಾಲು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕನ್ನಡ ಓದಲು ಬಾರದ ಗ್ರಾಹಕರೂ ಇದ್ದರೆ ಅರ್ಜಿಯಲ್ಲೇ ಭಾಷೆ ಕೇಳಿ, ಎರಡು ಪಟ್ಟಿ ಮಾಡಿ. ಒಂದೇ ಪತ್ರದಲ್ಲಿ ಎರಡೂ ಭಾಷೆ ತುರುಕಿದರೆ ಎರಡೂ ಕಡೆಯವರಿಗೆ ಬೇಸರ.

ಕೆಲವು ತಾಂತ್ರಿಕ ಎಚ್ಚರಿಕೆ ಅಗತ್ಯ. ಡಿಟಿಪಿ ಅಂಗಡಿಯಲ್ಲಿ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಕರಪತ್ರವನ್ನು ಹಾಗೇ ಅಂಟಿಸಿದರೆ ಓದುಗರಿಗೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನು ಮೊದಲು, ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಈ ತೊಂದರೆ ತಪ್ಪಿಸಲೆಂದು ಇಡೀ ಪತ್ರವನ್ನು ಒಂದು ಚಿತ್ರವಾಗಿ ಕಳಿಸುವವರಿದ್ದಾರೆ. ಚಿತ್ರಗಳನ್ನು ತೋರಿಸದಂತೆ ಇಟ್ಟುಕೊಂಡವರಿಗೆ ಆಗ ಖಾಲಿ ಪೆಟ್ಟಿಗೆ ಮಾತ್ರ ಕಾಣುತ್ತದೆ, ಪರದೆಯನ್ನು ಓದಿಸಿಕೊಂಡು ಕೇಳುವ ದೃಷ್ಟಿದೋಷವುಳ್ಳವರಿಗೆ ಅದೂ ಇಲ್ಲ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ: 102 ಕಿಲೋಬೈಟ್ ಮೀರಿದ ಪತ್ರವನ್ನು ಜಿಮೇಲ್ ನಡುವೆಯೇ ಕತ್ತರಿಸಿ ತೋರಿಸುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇರಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತು, ಕಾಗುಣಿತಗಳೂ ಪ್ರತ್ಯೇಕ ಸಂಕೇತಗಳೇ. ಜತೆಗೆ ಅಲಂಕಾರದ ಟೆಂಪ್ಲೇಟುಗಳ ಕೋಡ್ ಸೇರಿದರೆ ಮಿತಿ ಬೇಗ ಮುಟ್ಟುತ್ತದೆ, ಪತ್ರ ನಿಲ್ಲಿಸುವ ಕೊಂಡಿ ಇರುವ ಕೊನೆಯ ಭಾಗವೇ ಮಾಯವಾಗುತ್ತದೆ. ಆದ್ದರಿಂದ ಸಾದಾ ಟೆಂಪ್ಲೇಟು ಆಯ್ದು, 400ರಿಂದ 600 ಪದಗಳಲ್ಲಿ ಮುಗಿಸಿ, ಒಂದೋ ಎರಡೋ ಫೋಟೊ ಮಾತ್ರ ಹಾಕಿ. ಫೋಟೊ ನಿಮ್ಮ ತೋಟದ್ದೇ ಆಗಿರಲಿ.

ಸಬ್ಜೆಕ್ಟ್ ಸಾಲಿನಲ್ಲಿ ಫೋನಿನ ಪರದೆಗೆ ಕಾಣುವುದು ಮೊದಲ ನಾಲ್ಕೈದು ಪದ. ‘ನಮ್ಮ ಮಾರ್ಚ್ ತಿಂಗಳ ಸುದ್ದಿಪತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಹೂಮಳೆ ಬಂತು, 18ಕ್ಕೆ ಹೊಸ ಹುರಿತ’ ಎಂದರೆ ಎಲ್ಲವೂ ಬಂತು. ಅದರ ಪಕ್ಕದಲ್ಲಿ ಕಾಣುವ ಕಿರುಸಾಲನ್ನು ಖಾಲಿ ಬಿಡದೆ ನೀವೇ ಬರೆಯಿರಿ, ಇಲ್ಲವಾದರೆ ಪತ್ರದ ತಲೆಯಲ್ಲಿರುವ ಯಾವುದೋ ಅಡ್ಡಮಾತು ಅಲ್ಲಿ ಬಂದು ಕೂರುತ್ತದೆ. ಪತ್ರದ ಅಡಿಯಲ್ಲಿ ನಿಮ್ಮ ಅಂಚೆ ವಿಳಾಸ ಹಾಕಿ. ಅಮೆರಿಕದಲ್ಲಿರುವವರಿಗೆ ಕಳಿಸುವ ವಾಣಿಜ್ಯ ಪತ್ರದಲ್ಲಿ ಅದು ಇರಲೇಬೇಕೆಂದು ಅಲ್ಲಿನ 2003ರ ಕ್ಯಾನ್‌ಸ್ಪ್ಯಾಮ್ ಕಾನೂನು ಹೇಳುತ್ತದೆ. ಕಳಿಸುವ ಮುನ್ನ ಒಂದು ಆಂಡ್ರಾಯ್ಡ್ ಫೋನ್, ಒಂದು ಐಫೋನ್, ಒಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಪ್ರತಿ ಕೊಂಡಿಯನ್ನೂ ಒತ್ತಿ ನೋಡಿ. ದಿನ, ವೇಳೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹೇಳಿದ ದಿನಕ್ಕೆ ತಪ್ಪದೆ ಹೋದರೆ ಸಾಕು. ನಮ್ಮ ಶನಿವಾರ ಬೆಳಗ್ಗೆ ಅಮೆರಿಕದಲ್ಲಿ ಶುಕ್ರವಾರ ಸಂಜೆಯಾದ್ದರಿಂದ ಆ ಹೊತ್ತು ಎರಡೂ ಕಡೆಗೆ ಅನುಕೂಲ.

ಮಾರಾಟಕ್ಕೆ ಜೋಡಿಸುವುದು

ಪ್ರತಿ ಪತ್ರದಲ್ಲೂ ಕೊಳ್ಳುವ ಕೊಂಡಿ ಒಂದೇ ಇರಲಿ, ಅದು ನೇರವಾಗಿ ಆ ತಿಂಗಳ ಕಾಫಿಯ ಪುಟಕ್ಕೆ ಹೋಗಲಿ. ಹುರಿದ ಕಾಫಿ, ಅದರಲ್ಲೂ ಪುಡಿ, ದಿನ ಕಳೆದಂತೆ ಪರಿಮಳ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲೇ ಆರ್ಡರ್ ಪಡೆದು ಅಷ್ಟನ್ನೇ ಹುರಿದು ಕಳಿಸುವ ಪದ್ಧತಿಗೆ ಸುದ್ದಿಪತ್ರದಷ್ಟು ಹೊಂದುವ ಸಾಧನ ಬೇರೊಂದಿಲ್ಲ. ‘16ರ ಸಂಜೆಯೊಳಗೆ ಹೇಳಿದವರಿಗೆ 18ರಂದು ಹುರಿದು 19ಕ್ಕೆ ರವಾನೆ’ ಎಂಬ ಸಾಲು ರಿಯಾಯಿತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪದೇ ಪದೇ ರಿಯಾಯಿತಿ ಕೊಟ್ಟರೆ ಜನ ಪೂರ್ತಿ ಬೆಲೆಗೆ ಕೊಳ್ಳುವುದನ್ನೇ ಬಿಟ್ಟು ಮುಂದಿನ ರಿಯಾಯಿತಿಗೆ ಕಾಯುತ್ತಾರೆ.

ಮರುಖರೀದಿಯ ನೆನಪೋಲೆಯನ್ನು ಲೆಕ್ಕ ಹಾಕಿ ಇಡಿ. ಇಬ್ಬರಿರುವ ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ 8ರಿಂದ 10 ಗ್ರಾಂ ಪುಡಿ ಎಂದಿಟ್ಟುಕೊಂಡರೆ ಅರ್ಧ ಕಿಲೋ ಪುಡಿ 12ರಿಂದ 15 ದಿನಕ್ಕೆ ಮುಗಿಯುತ್ತದೆ. ಕೊರಿಯರ್‌ಗೆ ಮೂರು ದಿನ ಬಿಟ್ಟರೆ, ಪಾರ್ಸೆಲ್ ತಲುಪಿದ ಹತ್ತನೇ ದಿನದ ಸುಮಾರಿಗೆ ‘ಡಬ್ಬಿ ತಳ ಕಾಣುತ್ತಿದೆಯೇ’ ಎಂಬ ಎರಡು ಸಾಲಿನ ಪತ್ರ ಹೋಗಬೇಕು. ಇದಕ್ಕೂ ಸೇರುವಾಗಲೇ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಅರ್ಜಿಯಲ್ಲಿ ಕೇಳಿದ ಆ ಒಂದು ಪ್ರಶ್ನೆಯ ಉತ್ತರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಚಿಕೋರಿ ಪುಡಿಯವರಿಗೆ ಹುರಿದ ಬೀಜದ ವಿಷಯ ಬೇಡ, ಬೀಜ ಕೊಳ್ಳುವವರಿಗೆ ಚಿಕೋರಿಯ ಮಾತು ಬೇಡ. ಹೊರದೇಶದಲ್ಲಿರುವವರಿಗೆ, ಊರಿನ ವಿಳಾಸಕ್ಕೆ ಕಳಿಸುವ ಮೂರು ತಿಂಗಳ ಚಂದಾ ಒಂದನ್ನು ಯುಗಾದಿ, ದೀಪಾವಳಿಗೆ ಮುಂಚೆ ತಿಳಿಸಿ.

ಲೆಕ್ಕ ನೋಡುವುದು, ಪಟ್ಟಿ ಕಾಯುವುದು

ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಗೆ ಈಗ ಹೆಚ್ಚು ಬೆಲೆ ಕೊಡುವಂತಿಲ್ಲ. 2021ರಿಂದ ಆ್ಯಪಲ್ ಮೇಲ್‌ನಲ್ಲಿ ಖಾಸಗಿತನದ ರಕ್ಷಣೆ ಆಯ್ದುಕೊಂಡವರ ಪತ್ರದ ಚಿತ್ರಗಳು ಮೊದಲೇ ಇಳಿದಿರುವುದರಿಂದ, ತೆರೆಯದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ನೋಡಬೇಕಾದದ್ದು ಕೊಂಡಿ ಒತ್ತಿದವರೆಷ್ಟು, ಉತ್ತರ ಬರೆದವರೆಷ್ಟು, ಆ ಪತ್ರದಿಂದ ಬಂದ ಆರ್ಡರ್ ಎಷ್ಟು ಎಂಬುದನ್ನು. ಪ್ರತಿ ತಿಂಗಳ ಪತ್ರಕ್ಕೂ ಬೇರೆ ಕೂಪನ್ ಕೋಡ್ ಕೊಟ್ಟರೆ ಆರ್ಡರಿನ ಲೆಕ್ಕ ಸುಲಭ. ಪಟ್ಟಿ ಚಿಕ್ಕದಿರುವಾಗ ಶೇಕಡಾವಾರು ಅಂಕಿಗಳು ದಾರಿ ತಪ್ಪಿಸುತ್ತವೆ. ನೂರು ಜನರಲ್ಲಿ ಇಬ್ಬರ ವ್ಯತ್ಯಾಸದಿಂದ ಏನನ್ನೂ ತೀರ್ಮಾನಿಸಬೇಡಿ. ಮೊದಲ ವರ್ಷ ಜನರು ಬರೆದ ಉತ್ತರಗಳನ್ನು ಒಂದೊಂದಾಗಿ ಓದುವುದೇ ಅತ್ಯುತ್ತಮ ಸಮೀಕ್ಷೆ, ಪ್ರತಿಯೊಂದಕ್ಕೂ ಮರುಉತ್ತರ ಬರೆಯಿರಿ.

ಅಸ್ತಿತ್ವದಲ್ಲೇ ಇಲ್ಲದ ವಿಳಾಸಗಳಿಂದ ವಾಪಸು ಬಂದ ಪತ್ರಗಳನ್ನು ಸೇವೆಯೇ ಗುರುತಿಸಿ ತೆಗೆಯುತ್ತದೆ. ಆರು ತಿಂಗಳಿಂದ ಒಂದೂ ಕೊಂಡಿ ಒತ್ತದ, ಏನೂ ಕೊಳ್ಳದ ವಿಳಾಸಗಳಿಗೆ ಮಾತ್ರ ಒಂದು ಪತ್ರ ಬರೆದು, ‘ಮುಂದುವರಿಸಬೇಕೇ’ ಎಂದು ಕೇಳಿ. ಎರಡು ವಾರದೊಳಗೆ ಉತ್ತರ ಬಾರದಿದ್ದರೆ ಪಟ್ಟಿಯಿಂದ ತೆಗೆಯಿರಿ. ಕಷ್ಟಪಟ್ಟು ಸೇರಿಸಿದವರನ್ನು ತೆಗೆಯಲು ಮನಸ್ಸು ಬಾರದು, ಆದರೂ ತೆಗೆಯಬೇಕು, ಏಕೆಂದರೆ ಯಾರೂ ಮುಟ್ಟದ ಪತ್ರಗಳು ಹೆಚ್ಚಾದಷ್ಟೂ ನಿಮ್ಮ ಡೊಮೇನಿನ ಬಗ್ಗೆ ಇಮೇಲ್ ಕಂಪನಿಗಳ ವಿಶ್ವಾಸ ಕುಗ್ಗುತ್ತದೆ. ತಾವಾಗಿ ಬಿಟ್ಟುಹೋದವರನ್ನು ಇನ್ನೊಂದು ಪಟ್ಟಿಯ ಮೂಲಕ ಮತ್ತೆ ಒಳಗೆ ತರಬೇಡಿ.

ತಿಂಗಳಿಗೊಮ್ಮೆ ಇಡೀ ಪಟ್ಟಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಪಟ್ಟಿ) ಕಡತವಾಗಿ ಇಳಿಸಿ, ಪಾಸ್‌ವರ್ಡ್ ಹಾಕಿ ಎರಡು ಕಡೆ ಇಡಿ. ಅದರಲ್ಲಿ ಪ್ರತಿ ವಿಳಾಸದ ಎದುರಿಗೆ ಸೇರಿದ ದಿನಾಂಕ, ಎಲ್ಲಿಂದ ಸೇರಿದರು, ಒಪ್ಪಿಗೆಯ ಮಾತು ಯಾವುದಿತ್ತು ಎಂಬ ಮೂರು ಅಂಕಣ ಇರಬೇಕು. ಯಾರಾದರೂ ತಮ್ಮ ವಿವರ ಅಳಿಸಲು ಕೇಳಿದರೆ ಸೇವೆಯಿಂದಷ್ಟೇ ಅಲ್ಲ, ಈ ಕಡತಗಳಿಂದಲೂ ಅದೇ ದಿನ ಅಳಿಸಿ, ಅಳಿಸಿದ್ದೇವೆಂದು ಅವರಿಗೆ ಒಂದು ಸಾಲು ಬರೆದು ತಿಳಿಸಿ.